ಮರಳು ಬಿಟ್ಟುಕೊಟ್ಟ ರೆಕ್ಕೆ

ಕಡಲು ಹಿಂದೆ ಸರಿದಿರುವ ನಾಲ್ಕು ಗಂಟೆಯೊಳಗೆ ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆಯನ್ನು ಮರಳಿನಿಂದ ಎತ್ತಿ ದಡ ಸೇರಿಸಬೇಕು. ತಡವಾದರೆ ಉಬ್ಬರದ ನೀರು ಅದನ್ನೂ ನುಂಗುತ್ತದೆ, ಎತ್ತಲು ಹೋದವರನ್ನೂ ನುಂಗುತ್ತದೆ.

ಹೊರಟವರು ಮೂವರು. ಎಪ್ಪತ್ತಾರರ ಸ್ಟಾನ್ಲಿ ಪೆಟಿಫರ್, ಹೆಂಡತಿ ಡೋರೀನ್, ಟ್ರ್ಯಾಕ್ಟರ್ ಓಡಿಸಲು ಬಂದ, ಕಡಲ ಚಿಪ್ಪು ಹೆಕ್ಕಿ ಬದುಕುವ ರೆಜ್. ೧೯೪೨ರ ಯುದ್ಧದಲ್ಲಿ ಎಂಜಿನ್ನಿಗೆ ಗುಂಡು ತಗುಲಿದಾಗ ಪೈಲಟ್ ಆಗಿದ್ದ ಸ್ಟಾನ್ಲಿ ಆ ವಿಮಾನವನ್ನು ಲಿಂಕನ್‌ಶೈರಿನ ಈ ಮರಳ ಬಯಲಿನಲ್ಲಿ ಇಳಿಸಿ, ನಡೆದುಕೊಂಡೇ ದಡ ಮುಟ್ಟಿದ್ದ. ಮರುದಿನ ನೋಡಿದರೆ ಅದರ ಗುರುತೇ ಇರಲಿಲ್ಲ. ಐವತ್ತನಾಲ್ಕು ವರ್ಷಗಳ ಮೇಲೆ ಫೆಬ್ರವರಿಯ ಬಿರುಗಾಳಿ ಅದನ್ನು ಹೊರಹಾಕಿತು. ಸರ್ಕಾರದ ಅನುಮತಿ ಬರುವಷ್ಟರಲ್ಲಿ ಮರಳು ಮತ್ತೆ ಮುಚ್ಚಿಕೊಂಡಿತ್ತು. ಕಾಣುತ್ತಿದ್ದದ್ದು ಬುಡದಲ್ಲಿ ಮುರಿದ ಎಡ ರೆಕ್ಕೆಯೊಂದೇ.

ಬಯಲು ಬೂದು ಬಣ್ಣದಲ್ಲಿ ಕಣ್ಣು ಹಾಯುವಷ್ಟು ದೂರ ಹರಡಿತ್ತು. ನೀರು ಇಳಿದುಹೋದ ಕೊರಕಲುಗಳಲ್ಲಿ ಹಕ್ಕಿಗಳು ಕೊಕ್ಕು ಆಡಿಸುತ್ತಿದ್ದವು. ದೂರದಲ್ಲಿ ಕಡಲು ಬರಿಯ ಬಿಳಿ ಗೆರೆ.

ಟ್ರ್ಯಾಕ್ಟರಿನಿಂದ ಜಾರುಬಂಡಿ, ನೀರಿನ ಪಂಪು ಇಳಿಸಿ ಮೂವರೂ ಸಲಿಕೆ ಹಿಡಿದರು.

"ಇಷ್ಟು ಆಳಕ್ಕೆ ಹೂತಿದ್ದೀಯಲ್ಲ ಮಹಾರಾಯ! ಉಳೋಕೆ ಹೋಗಿದ್ದಾ, ಹಾರೋಕೆ ಹೋಗಿದ್ದಾ?" ಎಂದಳು ಡೋರೀನ್.

"ಜೀವಂತ ಇಳಿದಿದ್ದಕ್ಕೇ ನಿನಗೆ ಗಂಡ ಸಿಕ್ಕಿದ್ದು ಕಣೆ. ಸುಮ್ನೆ ಅಗಿ."

ಅವಳಿಗೂ ಆ ವಿಮಾನಕ್ಕೂ ಹಳೆಯ ನಂಟು. ಸೌತಾಂಪ್ಟನ್ನಿನ ವಿಮಾನ ಕಾರ್ಖಾನೆಯ ಮೇಲೆ ಬಾಂಬು ಬಿದ್ದಾಗ ಕೆಲಸವನ್ನು ಊರೂರಿಗೆ ಹಂಚಿದ್ದರು. ಬಟ್ಟೆ ಒಗೆಯುವ ಅಂಗಡಿಗಳಲ್ಲಿ, ಬಸ್ಸು ನಿಲ್ಲಿಸುವ ಶೆಡ್ಡುಗಳಲ್ಲಿ ವಿಮಾನ ಹುಟ್ಟುತ್ತಿತ್ತು. ಸಾಲಿಸ್‌ಬರಿಯ ಅಂಥದೊಂದು ಶೆಡ್ಡಿನಲ್ಲಿ ಹದಿನೆಂಟರ ಡೋರೀನ್ ರೆಕ್ಕೆಗಳಿಗೆ ತಗಡು ಬೆಸೆಯುವ ರಿವೆಟ್ ಮೊಳೆ ಬಡಿಯುತ್ತಿದ್ದಳು.

ಮೂರು ಗಂಟೆ ಕಳೆಯಿತು. ರೆಜ್ ರೆಕ್ಕೆಗೆ ಹಗ್ಗ ಬಿಗಿದು ಟ್ರ್ಯಾಕ್ಟರಿನಿಂದ ಎಳೆಸಿದ. ರೆಕ್ಕೆ ಮಿಸುಕಲಿಲ್ಲ. ತಗಡು ಪರ್ರನೆ ಹರಿಯಿತು.

"ಯಜಮಾನ್ರೇ, ಹಿಂದಿನ ಕೊರಕಲಿಗೆ ನೀರು ಬಂತು. ಬಿಟ್ಟು ಹೊರಡೋಣ!"

"ಇನ್ನೊಂದ್ಸಲ ಇದನ್ನ ಬಿಟ್ಟು ಹೋಗಲ್ಲ," ಎಂದ ಸ್ಟಾನ್ಲಿ.

ಡೋರೀನ್ ಕೆಸರಿನಲ್ಲಿ ಬೋರಲು ಮಲಗಿದಳು. ರೆಕ್ಕೆಯ ಬುಡದೊಳಗೆ ಭುಜದ ತನಕ ಕೈ ತೂರಿಸಿ ತಡಕಿದಳು.

"ತಗಡಿಗೆ ಕಟ್ಟಿದ್ರೆ ಹರೀದೆ ಇನ್ನೇನು? ರೆಕ್ಕೆ ಹೊತ್ತ ತೊಲೆ ಇಲ್ಲಿ ಒಳಗಿದೆ. ಹಗ್ಗ ಕೊಡಿ! ರೆಜ್, ಪಂಪಿನ ನೀರು ಅಡಿಗೆ ಬಿಡಪ್ಪ, ಮರಳು ಸಡಿಲ ಆಗ್ಲಿ."

ಡೋರೀನ್ ಹಗ್ಗವನ್ನು ತೊಲೆಗೆ ಬಿಗಿದಳು. ಪಂಪಿನ ನೀರು ನುಗ್ಗಿತು. ಟ್ರ್ಯಾಕ್ಟರ್ ಗುಟುರು ಹಾಕಿತು. ಲೊಚಕ್ಕನೆ ರೆಕ್ಕೆ ಮೇಲೆದ್ದಿತು!

ಅದನ್ನು ಜಾರುಬಂಡಿಗೆ ಬಿಗಿದು ರೆಜ್ ಟ್ರ್ಯಾಕ್ಟರ್ ಹತ್ತಿದ, ಗಂಡ ಹೆಂಡತಿ ರೆಕ್ಕೆ ಹಿಡಿದು ಹಿಂದೆ ಓಡಿದರು. ಕೊರಕಲಿನಲ್ಲಿ ನೀರು ಆಗಲೇ ಸೊಂಟದ ಮಟ್ಟಕ್ಕಿತ್ತು. ನಡುವೆ ಸ್ಟಾನ್ಲಿ ಕಾಲು ಜಾರಿದ. ಸೆಳೆತ ಅವನನ್ನು ಎಳೆಯಿತು. ಡೋರೀನ್ ಅವನ ಕೋಟಿನ ಕೊರಳಪಟ್ಟಿಗೆ ಕೈ ಹಾಕಿದಳು.

"ರೆಕ್ಕೆ ಬಿಡೋ!"

"ಬಿಡಲ್ಲ!"

"ಹಾಗಾದ್ರೆ ಕಾಲಾದ್ರೂ ಊರೋ, ಹಠಮಾರಿ!"

ಅವನು ಕಾಲೂರಿದ. ಟ್ರ್ಯಾಕ್ಟರ್ ಕೆಮ್ಮುತ್ತಾ ದಂಡೆ ಹತ್ತಿತು. ಅವರ ಬೆನ್ನಿಗೇ ಕಡಲು ಬಯಲನ್ನೆಲ್ಲ ಮುಚ್ಚಿತು.

ರೆಜ್ ಫ್ಲಾಸ್ಕಿನ ಚಹಾ ಹಂಚಿದ. ಡೋರೀನ್ ಕೈವಸ್ತ್ರದಿಂದ ಕೆಸರು ಒರೆಸಿದಳು. ಸಾಲು ಹಿಡಿದ ರಿವೆಟ್‌ಗಳು ಒಂದೊಂದಾಗಿ ಕಂಡವು.

"ನೀನು ಬಡಿದದ್ದಾ?" ಸ್ಟಾನ್ಲಿಯ ಹಲ್ಲು ಕಟಕಟ ಎನ್ನುತ್ತಿತ್ತು.

"ಯಾರಿಗೊತ್ತು? ನಂದೋ, ಪಕ್ಕದಲ್ಲಿ ಬಡೀತಿದ್ದ ಐವಿದೋ. ಅಷ್ಟು ಹುಡುಗೀರಿದ್ವಿ."

"ಅವತ್ತು ಇಳಿಸಿದಾಗ ಒಂದು ರಿವೆಟ್ಟೂ ಕಳಚಲಿಲ್ಲ ಕಣೆ. ನಿಮಗ್ಯಾರಿಗೂ ನಾನು ಹೇಳೇ ಇಲ್ಲ."

ಡೋರೀನ್ ಟ್ರ್ಯಾಕ್ಟರಿನಲ್ಲಿಟ್ಟಿದ್ದ ತನ್ನ ಒಣ ಶಾಲು ತೆಗೆದು ಅವನಿಗೆ ಹೊದಿಸಿದಳು.

ಊರಿಗೆ ಎರಡು ಮೈಲಿ. ಟ್ರ್ಯಾಕ್ಟರ್ ಹತ್ತಿ ಎಂದು ರೆಜ್ ಎಷ್ಟು ಹೇಳಿದರೂ ಸ್ಟಾನ್ಲಿ ಕೇಳಲಿಲ್ಲ. ರೆಕ್ಕೆಯ ಮೇಲೆ ಕೈಯಿಟ್ಟುಕೊಂಡೇ ನಡೆದ. ಆಚೆ ಬದಿಯಲ್ಲಿ ಡೋರೀನ್ ನಡೆದಳು.