ಗುಂಡುಕಲ್ಲಿಲ್ಲದ ತೊಟ್ಟಿಲು

"ಈ ತೊಟ್ಟಿಲು ಖಾಲಿ ಇರಕ್ಕೆ ಬಿಡಲ್ಲ ಕಣಕ್ಕ" ಎಂದು ಆಂಜನಮ್ಮ ಆ ಕಾಲದಲ್ಲಿ, ಕೂಸು ಕಳೆದುಕೊಂಡು ತಾನೂ ಸಾಯುತ್ತಿದ್ದ ಸವತಿಯ ಕೈಹಿಡಿದು ಮಾತು ಕೊಟ್ಟಿದ್ದಳು. ಸವತಿ ಆ ತೊಟ್ಟಿಲಿಗೆ ಮಾಟ ಮಾಡಿಸಿದ್ದಳು. ಖಾಲಿಯಾದ ದಿನ ತೊಟ್ಟಿಲು ತಾನೇ ಒಂದು ಕೂಸನ್ನು ತಂದುಕೊಳ್ಳಬೇಕು. ಅಂದಿನಿಂದ ಹಲಸೂರಿನ ಆ ಮನೆಯಲ್ಲಿ, ನಾಮಕರಣಕ್ಕೆ ಮಲಗಿಸುವ ಹಾಗೆ, ಕೂಸಿನ ಬದಲಿಗೆ ಅರಿಶಿನದ ಬಟ್ಟೆ ಸುತ್ತಿದ ಗುಂಡುಕಲ್ಲೊಂದು ಅದರಲ್ಲಿ ಮಲಗಿತ್ತು.

ಆಂಜನಮ್ಮ ಮಕ್ಕಳಿಲ್ಲದೆ ತೀರಿಕೊಂಡಳು. ನೆಂಟರು ಉಯಿಲಿಗೆ ಕಿತ್ತಾಡಿದರು. ಸಾಮಾನೆಲ್ಲ ಹರಾಜಾಗಲಿ ಎಂದಿತು ಕೋರ್ಟು. ಕೂಗಲು ಬಂದವನು ಸುದರ್ಶನ್, ಊರಿಗೂ ಕೆಲಸಕ್ಕೂ ಹೊಸಬ.

"ಸಾ, ಆ ಕಲ್ಲು ಮಾತ್ರ ತೆಗೀಬೇಡಿ." ಪಕ್ಕದ ಮನೆಯ ಸಾಬಮ್ಮ ಹೊಸಿಲು ದಾಟದೆ ನಿಂತಳು. "ಮಾಟದ ತೊಟ್ಟಿಲು ಸಾ ಅದು. ಎರಡೂ ಒಟ್ಟಿಗೇ ಇರ್ಲಿ."

"ಪಟ್ಟೀಲಿ ತೊಟ್ಟಿಲು ಬೇರೆ, ಕಲ್ಲು ಬೇರೆ ಕಣಮ್ಮ. ಒಂದೊಂದೇ ಕೂಗ್ಬೇಕು, ಅದೇ ರೂಲ್ಸು. ಮಾಟಕ್ಕೆ ಇನ್ನೂ ಯಾರೂ ಕಲಂ ಬರ್ದಿಲ್ಲ!"

ಜನ ನಕ್ಕರು. ಕಲ್ಲು ಹಳೇ ಸಾಮಾನಿನ ವಾಜಿದ್ ಪಾಲಾಯಿತು. ತೊಟ್ಟಿಲಿಗೆ ಯಾರೂ ಬಾಯಿ ಬಿಡಲಿಲ್ಲ. ಬೀಟೆ ಮರ, ಹಿತ್ತಾಳೆ ಸರಪಳಿ. ಸುದರ್ಶನನ ಮನೆಯಲ್ಲಿ ಹೆಂಡತಿ ಶರ್ವಾಣಿ ತುಂಬು ಬಸುರಿ. ಕೂಗುವವನು ತಾನೇ ಕೊಳ್ಳಕೂಡದು ಎಂಬುದೂ ರೂಲ್ಸೇ. ಅದೊಂದು ಅವನಿಗೆ ನೆನಪಾಗಲಿಲ್ಲ. ಭಾಮೈದ ದೀಪುವಿಗೆ ಕಣ್ಣು ಹೊಡೆದ. ದೀಪು ಕೈಯೆತ್ತಿದ.

ಸಾಬಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ಅಂದು ಮಹದೇವಪುರದ ಸುದರ್ಶನನ ಫ್ಲ್ಯಾಟಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಕೊಕ್ಕೆಗೆ ನೇತುಹಾಕಿದ್ದ ತೊಟ್ಟಿಲಿನಿಂದ ಹಸಿ ಅರಿಶಿನದ ವಾಸನೆ, ಅದರ ಹಿಂದೆಯೇ ಹಳಸಿದ ಎದೆಹಾಲಿನ ವಾಸನೆ ಎದ್ದು ಗಂಟಲಿಗೆ ಅಂಟಿತು. ಕಿರ್... ಕಿರ್... ಕಿಟಕಿ ಮುಚ್ಚಿತ್ತು. ಗಾಳಿಯಿರಲಿಲ್ಲ. ಸರಪಳಿ ಆಡುತ್ತಿತ್ತು. ಓಡಿ ಹಿಡಿದ. ನಿಲ್ಲಲಿಲ್ಲ. ಅವನ ಕೈಯನ್ನೂ ಸೇರಿಸಿಕೊಂಡು ತೂಗಿತು.

"ರೀ..." ಬಾಗಿಲಲ್ಲಿ ಶರ್ವಾಣಿಯ ದನಿ. "ಮಗು ಒದೀತಿಲ್ಲ ಕಣ್ರೀ. ಹೊಟ್ಟೆ... ಏನೋ ಭಾರ ಆಗೋಯ್ತು."

ತಡಕಾಡುತ್ತ ಅವಳತ್ತ ನಡೆದ. ಹೊಟ್ಟೆ ಮುಟ್ಟಿದ. ತಣ್ಣಗಿತ್ತು. ಗಟ್ಟಿಯಾಗಿತ್ತು. ಅವನ ಉಂಗುರ ತಾಗಿ ಟಕ್ಕೆಂದಿತು.

ಬೆನ್ನ ಹಿಂದೆ ಕಿರುಗುಟ್ಟುವುದು ನಿಂತಿತು.

ಕತ್ತಲಲ್ಲಿ, ತೊಟ್ಟಿಲೊಳಗೆ, ಹಸುಗೂಸೊಂದು ಅತ್ತಿತು. ಒಂದೇ ಸಲ. ಆಮೇಲೆ ಅಳಲಿಲ್ಲ.

ಆಂಜನಮ್ಮ ಕೊಟ್ಟ ಮಾತು ಉಳಿಯಿತು. ತೊಟ್ಟಿಲು ಖಾಲಿ ಇರಲಿಲ್ಲ.