ತಗಡಿನ ಮೇಲೆ ಬರೆದ ಹೆಸರು

"ಇದನ್ನ ಬರೆಸಿದ್ದು ಯಾರು ಅತ್ತೆ?"

ಬೆನಿತಾ ಕೂಗಲಿಲ್ಲ. ಆದರೂ ಪಕ್ಕದ ಮೇಜಿನಲ್ಲಿ ತಿನ್ನುತ್ತಿದ್ದ ಇಬ್ಬರು ಲಾರಿ ಚಾಲಕರು ತಲೆ ಎತ್ತಿದರು. ಅವಳ ಕೈಯಲ್ಲಿ ನೋಟ್‌ಬುಕ್ಕಿನಷ್ಟು ಅಗಲದ ಹರಕೆಯ ತಗಡು ಇತ್ತು. ತಮ್ಮೂರು ಓಹಾಕಾದಿಂದ ಆರು ದಿನ, ಒಂಬೈನೂರು ಕಿಲೋಮೀಟರ್, ಅದು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಅವಳದೇ ಮೋಟಾರ್ ಸೈಕಲ್ಲಿನ ಪೆಟ್ಟಿಗೆಯಲ್ಲಿ ಬಂದಿತ್ತು. ಇವತ್ತು ಪ್ರಯಾಣದ ಕೊನೆಯ ದಿನ. ಲಾಗೋಸ್ ದೆ ಮೊರೆನೊ ಹೊರವಲಯದ ಈ ಊಟದಂಗಡಿಯಿಂದ ದೇವಮಾತೆ ಸಾನ್ ಹುವಾನ್ ತಾಯಿಯ ಚರ್ಚಿಗೆ ಇನ್ನು ಐವತ್ತು ಕಿಲೋಮೀಟರ್ ಕೂಡ ಇರಲಿಲ್ಲ. ಪೆಟ್ಟಿಗೆಯಿಂದ ಟವೆಲ್ ತೆಗೆಯಲು ಹೋದಾಗ ದುಪ್ಪಟಿ ಬಿಚ್ಚಿಕೊಂಡಿತ್ತು.

ತಗಡಿನ ಮೇಲೆ ಬೆಟ್ಟದ ತಿರುವು, ಉರುಳಿದ ಕೆಂಪು ಮೋಟಾರ್ ಸೈಕಲ್, ರಸ್ತೆಯಲ್ಲಿ ಬಿದ್ದ ಗಂಡಸು, ಪಕ್ಕದಲ್ಲಿ ಕೂದಲೂ ಕೊಂಕದೆ ನಿಂತ ಹೆಂಗಸು, ಮೇಲೆ ಮೋಡದಲ್ಲಿ ನೀಲಿ ನಿಲುವಂಗಿಯ ತಾಯಿ. ಕೆಳಗೆ ದುಂಡು ಅಕ್ಷರ: "ಸೊಸೆ ಬೆನಿತಾಳ ಬೇಜವಾಬ್ದಾರಿಯಿಂದ ಸಾವಿನ ಬಾಯಿಗೆ ಬಿದ್ದಿದ್ದ ನನ್ನ ಮಗನನ್ನು ಉಳಿಸಿಕೊಟ್ಟ ತಾಯಿಗೆ, ಎಲೋದಿಯಾ."

"ನಾನೇ ಬರೆಸಿದ್ದು," ಎಂದಳು ಎಪ್ಪತ್ತೊಂದರ ಎಲೋದಿಯಾ. "ಗಾಡಿ ಓಡಿಸ್ತಿದ್ದವಳು ನಾನು ಅಂತ ಪೊಲೀಸರಿಗೆ ನೀನೇ ಹೇಳಿದ್ದಲ್ವಾ? ತಾಯಿ ಕಣ್ಣೆದುರು ತೂಗುಹಾಕೋ ತಗಡಲ್ಲಿ ಸುಳ್ಳು ಬರೆಸೋಕೆ ನನಗೇನು ಹುಚ್ಚಾ?"

"ಅಮ್ಮನ ಹೆಸರು ಆ ಚರ್ಚಿನ ಗೋಡೆ ಮೇಲೆ ಹಾಗೇ ಇರುತ್ತೆ ಅಜ್ಜಿ," ಎಂದಳು ಹತ್ತೊಂಬತ್ತರ ಮೊಮ್ಮಗಳು ಮಾಯ್ರಾ. ಇಷ್ಟೂ ದಿನ ತನ್ನ ಗಾಡಿಯಲ್ಲಿ ಅಜ್ಜಿಯನ್ನು ಕರೆತಂದವಳು ಅವಳೇ.

"ಇರ್ಲಿ ಬಿಡು. ಗಂಡನ ಕಾಲು ಮುರಿದು, ಈಗ ಹಿಂದೆ ಕೂರಿಸ್ಕೊಂಡು ದೇಶವೆಲ್ಲ ಮೆರವಣಿಗೆ ಹೊರಟಿದಾಳಲ್ಲ. ಒಂಚೂರು ನಾಚಿಕೆನೂ ಆಗ್ಲಿ."

ಬೆನಿತಾ ಗಂಡನ ಕಡೆ ನೋಡಿದಳು. ರುತಿಲಿಯೊ ರೊಟ್ಟಿಯ ಮೇಲೆ ಮೆಣಸಿನ ಗೊಜ್ಜು ಹಾಕಿಕೊಳ್ಳುತ್ತಿದ್ದ. ಹಾಕಿಕೊಳ್ಳುತ್ತಲೇ ಇದ್ದ.

ನಿಜ ಗೊತ್ತಿದ್ದವರು ಇಬ್ಬರೇ. ಹದಿನಾಲ್ಕು ತಿಂಗಳ ಹಿಂದೆ ಸಂಬಂಧಿಕರ ಮದುವೆ ಮುಗಿಸಿ ಬರುವಾಗ ಗಾಡಿ ಓಡಿಸುತ್ತಿದ್ದವನು ರುತಿಲಿಯೊ, ಹೊಟ್ಟೆ ತುಂಬ ಮೆಸ್ಕಾಲ್ ಸಾರಾಯಿ ಕುಡಿದು. ಬೆನಿತಾ ಹಿಂದೆ ಕೂತು ಎರಡು ಸಲ ನಿಲ್ಲಿಸು ಎಂದಿದ್ದಳು. ಕಾಲಿನ ಮೂಳೆ ಎರಡು ಕಡೆ ಮುರಿದು ಬಿದ್ದವನು ಅವಳ ಕೈ ಹಿಡಿದು ಗೋಗರೆದಿದ್ದ... "ನೀನು ಓಡಿಸ್ತಿದ್ದೆ ಅನ್ನು. ಕುಡಿದಿದ್ದೆ ಅಂತ ಗೊತ್ತಾದ್ರೆ ಬಸ್ ಓಡಿಸೋ ಲೈಸೆನ್ಸ್ ಹೋಗುತ್ತೆ." ನಾಲ್ಕು ಜನರ ಊಟ ಆ ಲೈಸೆನ್ಸಿನ ಮೇಲಿತ್ತು. ಅವಳು ಹಾಗೇ ಹೇಳಿದಳು. ಅಂದಿನಿಂದ ಅತ್ತೆಯ ಬೈಗುಳ ಒಂದು ದಿನವೂ ತಪ್ಪಿರಲಿಲ್ಲ.

ಅವಳು ಗಂಡನನ್ನು ಅಂಗಡಿಯ ಹಿಂದಕ್ಕೆ ಕರೆದೊಯ್ದಳು.

"ಈಗ ಹೋಗಿ ನಿಮ್ಮಮ್ಮಂಗೆ ಹೇಳು."

"ಮುಂದಿನ ತಿಂಗಳು ಮತ್ತೆ ಬಸ್ ಓಡಿಸೋಕೆ ಹೋಗ್ಬೇಕು ಕಣೇ. ಅಲ್ಲಿ ಅಂಥ ತಗಡು ರಾಶಿ ರಾಶಿ ಇದಾವೆ. ಯಾರು ಓದ್ತಾರೆ?"

"ನಾನು ಓದಿದೆ. ನನ್ನ ಮಗಳು ಓದಿದ್ಲು. ಪೊಲೀಸರಿಗೆ ಸುಳ್ಳು ಹೇಳಿದೆ, ಅದು ನನ್ನ ಪಾಪ, ಹೊರ್ತೀನಿ. ದೇವರೆದುರು ನನ್ನ ಹೆಸರಲ್ಲಿ ಸುಳ್ಳು ತೂಗುಹಾಕೋದು ಬೇಡ. ನಿಮ್ಮಮ್ಮ ಬಾಗಿಲಿಂದ ಪೀಠದವರೆಗೆ ಮಂಡಿಯಲ್ಲಿ ಹೋಗ್ತಾರೆ. ಅವರು ಮುಟ್ಟೋದ್ರೊಳಗೆ ಹೇಳು. ಇಲ್ಲಾಂದ್ರೆ ಅಷ್ಟು ಜನರೆದುರು ನಾನು ಹೇಳ್ತೀನಿ."

ಅವಳು ಗಾಡಿ ಹೊರಡಿಸಿದಳು. ಹಿಂದೆ ಕೂತ ಅವನು ಸೊಂಟ ಹಿಡಿಯಲು ಬಂದಾಗ ಅವಳು ಕೈ ತಳ್ಳಿದಳು. ಸೀಟಿನ ಕಂಬಿ ಹಿಡಿದು ಕೂತ.

ಮಧ್ಯಾಹ್ನ ಒಂದೂಕಾಲಿಗೆ ಚರ್ಚಿನ ಬಾಗಿಲಲ್ಲಿ ಎಲೋದಿಯಾ ಮಂಡಿಯೂರಿದಳು. ತಗಡನ್ನು ಎದೆಗೊತ್ತಿಕೊಂಡು ಒಂದೊಂದೇ ಅಡಿ ಮುಂದೆ ಸರಿದಳು. ಮಾಯ್ರಾ ಶಾಲನ್ನು ಅಜ್ಜಿಯ ಮಂಡಿಯ ಮುಂದೆ ಹಾಸುತ್ತ, ಹಿಂದಿನಿಂದ ತೆಗೆದು ಮತ್ತೆ ಮುಂದೆ ಹಾಸುತ್ತ ಹೋದಳು. ಆ ಕೆಲಸ ಸೊಸೆಯದು. ಬೆನಿತಾ ಮಾಡಲಿಲ್ಲ. ಪಕ್ಕದಲ್ಲಿ ನೆಟ್ಟಗೆ ನಡೆದಳು, ಗಂಡನ ಮುಖದಿಂದ ಕಣ್ಣು ಕೀಳದೆ. ಅರ್ಧ ದಾರಿಯಾಯಿತು. ಮುದುಕಿಯ ಲಂಗದ ಮೇಲೆ ರಕ್ತ ಕಂಡಿತು. ಪೀಠಕ್ಕೆ ಇನ್ನು ಹತ್ತು ಅಡಿ... ಬೆನಿತಾ ಬಾಯಿ ತೆರೆದಳು.

"ಅಮ್ಮಾ, ನಿಲ್ಲು," ಎಂದ ರುತಿಲಿಯೊ. "ಗಾಡಿ ಓಡಿಸ್ತಿದ್ದವನು ನಾನು."

ಎಲೋದಿಯಾ ತಿರುಗಿ ನೋಡಲಿಲ್ಲ. "ಕುಡಿದಿದ್ಯಾ?"

"ಹೂಂ."

"ಮನೆಹಾಳಿ ಅಂತ ನಾನು ಇವಳಿಗೆ ದಿನಾ ಬೈದೆ. ನೀನು ಎದುರಿಗೆ ಕೂತು ಊಟ ಮಾಡ್ತಿದ್ದೆ."

"ಕೆಲಸ ಹೋಗ್ತಿತ್ತಮ್ಮ..."

"ತಾಯಿ ಹತ್ರ ನನ್ನ ಕೈಯಿಂದ ಸುಳ್ಳು ಹೇಳಿಸೋಕೆ ಹೊರಟಿದ್ಯಲ್ಲೋ." ಅವಳು ಮೊಮ್ಮಗಳ ಭುಜ ಹಿಡಿದು ಎದ್ದಳು. ಪೀಠಕ್ಕೆ ಬೆನ್ನು ಹಾಕಿ ಹೊರಟಳು. ಬಾಗಿಲ ಬಳಿ, ಜೊತೆಗೆ ನಡೆದು ಬಂದ ಸೊಸೆಯೆದುರು ನಿಂತಳು. "ನನಗೆ ಗೊತ್ತಿರ್ಲಿಲ್ಲ ಕಣೇ."

"ಒಂದು ದಿನ ಕೇಳಿದ್ರಾ? 'ನಿಜವಾಗ್ಲೂ ಏನಾಯ್ತು ಬೆನಿತಾ' ಅಂತ ಒಂದೇ ಒಂದು ದಿನ?"

ಮುದುಕಿ ತಗಡು ಹಿಡಿದುಕೊಂಡು ಹೊರಗೆ ನಡೆದಳು.

ಚರ್ಚಿನ ಹೊರಗೆ ಮರದ ನೆರಳಲ್ಲಿ ಹರಕೆ ತಗಡು ಬರೆಯುವವನೊಬ್ಬ ಕೂತಿದ್ದ. ಎಲೋದಿಯಾ ತಗಡನ್ನು ಅವನ ಮುಂದಿಟ್ಟು, "ಅಕ್ಷರ ಅಳಿಸಿ ಬೇರೆ ಬರೀಬೇಕು," ಎಂದಳು. ಅವನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದ. ಬೆನಿತಾಳ ಹೆಸರು ಕಪ್ಪು ಮಸಿಯಾಗಿ ಕಲಸಿ ಹೋಯಿತು.

"'ನನ್ನ ಮಗನ ಜೀವ ಉಳಿಸಿದ ತಾಯಿಗೂ ಅವನ ಮಾನ ಉಳಿಸಿದ ಸೊಸೆಗೂ' ಅಂತ ಬರಿ."

"ಅದ್ರಲ್ಲಿ ನಾನು ಬೇಡ," ಎಂದಳು ಬೆನಿತಾ. "ಒಳ್ಳೇದಕ್ಕೂ ಬೇಡ."

"ಸರಿ, ಇದೆಲ್ಲ ಯಾರ ತಪ್ಪಿಂದ ಆಯ್ತು ಅಂತ ಬರೀಲಿ ತಾಯಿ?" ಎಂದ ಅವನು, ಕುಂಚ ಅದ್ದಿಕೊಂಡು.

ರುತಿಲಿಯೊ ಊರುಗೋಲು ಊರಿಕೊಂಡು ಬಂದು ತಾಯಿಯ ಹಿಂದೆ ನಿಂತಿದ್ದ. "ಅಮ್ಮಾ, ಬಸ್ ಕಂಪನಿಯವರೂ ಇಲ್ಲಿಗೆ ಬರ್ತಾರೆ..." ಎಲೋದಿಯಾ ಸೊಸೆಯ ಕಡೆ ನೋಡಿದಳು. ಇರಲಿ ಅತ್ತೆ, ನಿಮ್ಮ ಮಗನ ಹೆಸರು ಬೇಡ ಬಿಡಿ ಎಂದು ಅವಳೇ ಹೇಳಲಿ ಎಂಬ ಆಸೆ ಆ ಮುದಿ ಕಣ್ಣುಗಳಲ್ಲಿ ಎದ್ದು ಕಾಣುತ್ತಿತ್ತು. ಮನೆಯಲ್ಲಿ ಇಷ್ಟು ವರ್ಷ ಅಂಥ ಮಾತು ಹೇಳಿದವಳು ಅವಳೇ.

ಬೆನಿತಾ ಸುಮ್ಮನೆ ನಿಂತಳು.

ಕುಂಚದ ತುದಿಯಿಂದ ಒಂದು ಹನಿ ಬಣ್ಣ ನೆಲಕ್ಕೆ ಬಿತ್ತು. ಎಲೋದಿಯಾ ಗಂಟಲು ಸರಿಮಾಡಿಕೊಂಡಳು.

"ರುತಿಲಿಯೊ," ಎಂದಳು. "ನನ್ನ ಮಗ ಅಂತ್ಲೂ ಬರಿ."