ತಿರಿಯ ಲಂಗ

“ಅಲುಗಾಡಬೇಡ ಮಾರಾಯ, ಗಂಟು ಜಾರ್ತದೆ” ಎನ್ನುತ್ತಾ ಸಮನ್ವಿತಾ ಹರ್ಷಿತ್‌ನ ಸೊಂಟಕ್ಕೆ ಹಗ್ಗ ಬಿಗಿದಳು.

ಹಗ್ಗದ ಉದ್ದಕ್ಕೂ ತಿರಿ ಜೋತಾಡುತ್ತಿತ್ತು. ತಿರಿ ಎಂದರೆ ತೆಂಗಿನ ಎಳೆಯ ಗರಿ. ಸುದರ್ಶನ ಮಾಮ ಮರದಿಂದ ಇಳಿಸಿಕೊಟ್ಟಿದ್ದನ್ನು ಅವಳು ಪಿನ್ನಿನಿಂದ ಸೀಳಿ ಸೀಳಿ ಹನ್ನೆರಡು ಲಂಗ ಮಾಡಿದ್ದಳು. ಎರಡು ದಿನದ ಕೆಲಸ. ಬೆರಳ ತುದಿಯೆಲ್ಲ ಉರಿಯುತ್ತಿತ್ತು.

ನಾಳೆ ಪುತ್ತೂರಿನ ಅವರ ಶಾಲೆಯಲ್ಲಿ ಥ್ರೋಬಾಲ್ ಪಂದ್ಯ. ಪಂದ್ಯಗಳ ನಡುವೆ ಪಾಲಿನೇಷ್ಯದ ಹಾಡು, ಕುಣಿತ. ಟಿಕೆಟಿನ ದುಡ್ಡೆಲ್ಲ ಉಪ್ಪಿನಂಗಡಿಯಲ್ಲಿ ನೆರೆಗೆ ಮನೆ ಕಳೆದುಕೊಂಡವರಿಗೆ. ಪಾಲಿನೇಷ್ಯ ಎಲ್ಲಿ ಉಂಟು ಎಂದು ಕೇಳಿದವರಿಗೆಲ್ಲ ಸಮನ್ವಿತಾ ಗ್ಲೋಬ್ ತಿರುಗಿಸಿ, ನೀಲಿ ಸಮುದ್ರದ ನಡುವಿನ ಚುಕ್ಕಿಗಳನ್ನು ತೋರಿಸಿದ್ದಳು. “ಆ ದ್ವೀಪಗಳಲ್ಲಿ ಚಂಡಮಾರುತ ಬಂದು ಮನೆ ಹೋದ್ರೂ ಜನ ಹೀಗೇ ಸೇರಿ ಆಡ್ತಾರೆ, ಹಾಡ್ತಾರೆ, ಸಹಾಯ ಒಟ್ಟು ಮಾಡ್ತಾರೆ” ಎಂದು ಗಾನಶ್ರೀ ಟೀಚರ್ ಹೇಳಿದ್ದರು. ಪುಟ್ಟ ಗಿಟಾರಿನಂಥ ಯುಕುಲೆಲೆ ನುಡಿಸಿ ಹಾಡು ಕಲಿಸಿದ್ದೂ ಅವರೇ.

ಟೀಚರ್ ತೋರಿಸಿದ ವೀಡಿಯೊದಲ್ಲಿ ಅಲ್ಲಿನವರು ಹುಲ್ಲಿನ ಲಂಗ ಕಟ್ಟಿದ್ದರು. ಅಂಗಡಿಯಿಂದ ಪ್ಲಾಸ್ಟಿಕ್ಕಿನದ್ದು ತರಿಸುವ ಎಂದು ಟೀಚರ್ ಹೇಳಿದಾಗ, “ಬೇಡ ಟೀಚರ್, ನಾನು ಒರಿಜಿನಲ್ ತರ್ತೇನೆ” ಎಂದು ಜಂಬ ಕೊಚ್ಚಿಕೊಂಡವಳು ಸಮನ್ವಿತಾ.

ಮುಂದಿನ ಸಾಲಿನಲ್ಲಿ ಕುಣಿಯುವವನು ಹರ್ಷಿತ್. ಅವನಷ್ಟು ಚೆಂದ ಕುಣಿಯುವವರು ಐದನೇ ಕ್ಲಾಸಿನಲ್ಲಿ ಬೇರೆ ಇಲ್ಲ. ಯಾವಾಗಲೂ ಪಟಪಟ ಮಾತಾಡುವವನು ಇವತ್ತು ಮಾತ್ರ ತುಟಿ ಬಿಚ್ಚಿರಲಿಲ್ಲ.

ಆಗ ಬಿಸಿಯೂಟದ ಪೂವಮ್ಮಕ್ಕ ಪಾತ್ರೆ ಹಿಡಿದು ಶಾಲೆಯ ಜಗಲಿಗೆ ಬಂದರು. ಅವರಿಗೆ ಕಂಡದ್ದು ಹರ್ಷಿತ್‌ನ ಬೆನ್ನು, ಸೊಂಟದ ಸುತ್ತ ತಿರಿ. ಅವರು ಗಕ್ಕನೆ ನಿಂತರು. ಪಾತ್ರೆ ಕೆಳಗಿಟ್ಟು, ಚಪ್ಪಲಿ ಕಳಚಿ, ಕೈ ಮುಗಿದರು.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಸಮನ್ವಿತಾ. ಪೂವಮ್ಮಕ್ಕನ ಮುಖ ಸಣ್ಣದಾಯಿತು. ಅವರು ಪಾತ್ರೆ ಎತ್ತಿಕೊಂಡು ಸರಸರನೆ ಒಳಗೆ ಹೋದರು.

ಹರ್ಷಿತ್ ಗಂಟು ಬಿಚ್ಚಿದ. ಲಂಗವನ್ನು ನೆಲಕ್ಕೆ ತಾಗದ ಹಾಗೆ ಬೆಂಚಿನ ಮೇಲಿಟ್ಟ.

“ನನ್ನಿಂದ ಆಗುದಿಲ್ಲ. ಇದು ನನ್ನ ಅಜ್ಜ ಭೂತಕೋಲಕ್ಕೆ ಕಟ್ಟುದು.”

“ಅದನ್ನು ಮೊದಲೇ ಹೇಳ್ಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ? ನಾಳೆ ಪ್ರೋಗ್ರಾಮ್ ಉಂಟು.”

“ನೀನು ಅಷ್ಟು ಕಷ್ಟಪಟ್ಟು ಮಾಡಿದ್ದಿ. ಹೇಗೆ ಹೇಳುದು?”

“ಕುಣಿಯುವ ಮನಸ್ಸಿಲ್ಲದಿದ್ರೆ ಬಿಡು. ನೆಪ ಬೇಡ.”

ಹರ್ಷಿತ್ ಬ್ಯಾಗ್ ಹೆಗಲಿಗೆ ಹಾಕಿ ಹೊರಟೇಹೋದ.

ಸಮನ್ವಿತಾ ಹನ್ನೆರಡು ಲಂಗಗಳನ್ನೂ ಹೊತ್ತು ಮನೆಗೆ ಬಂದು, ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಸತ್ಯವತಿ ಅಜ್ಜಿಯ ಎದುರು ದೊಪ್ಪನೆ ಹಾಕಿದಳು. ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಹೇಳಿದಳು.

ಅಜ್ಜಿಯ ಕೈಯಲ್ಲಿದ್ದ ಬಾಳೆನಾರು ಅಲ್ಲೇ ನಿಂತಿತು. “ಲಂಗವಾ? ನೀನು ತೋರಣಕ್ಕೆ ಸೀಳುದು ಅಂತ ಎಣಿಸಿದೆ ನಾನು.”

“ಕಟ್ಟಿದ್ರೆ ಎಂತ ಆಗ್ತದೆ ಅಜ್ಜಿ?”

“ಎಂತ ಆಗ್ತದೆ ಅಂತ ನನಗೂ ಗೊತ್ತಿಲ್ಲ. ಅವನ ಅಜ್ಜ ತಿರಿ ಕಟ್ಟುವ ಮುಂಚೆ ದಿನಗಟ್ಟಲೆ ವ್ರತ ಹಿಡಿತಾರೆ. ಕಟ್ಟಿ ನಿಂತ ಮೇಲೆ ನಾನೂ ಕೈ ಮುಗಿಯುದು.”

“ನೀವಾ? ಹರ್ಷಿತ್‌ನ ಅಜ್ಜನಿಗಾ?”

“ಆಗ ಅವರು ಬರೀ ಅಜ್ಜ ಅಲ್ಲ ಮಗಾ. ನಮ್ಮ ಕಷ್ಟ ಕೇಳುವ ದೈವ.”

ಪೂವಮ್ಮಕ್ಕ ಮುಗಿದ ಕೈ ಸಮನ್ವಿತಾಳ ಕಣ್ಣಿಗೆ ಕಟ್ಟಿತು. ತನ್ನದೇ ನಗು ಕಿವಿಯಲ್ಲಿ ಮತ್ತೆ ಕೇಳಿಸಿತು, ಅವಳಿಗೆ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿಗೆ ಅವಳು ಒಂದು ಲಂಗದ ಗಂಟು ಬಿಚ್ಚತೊಡಗಿದಳು. ಅಜ್ಜಿ ಒಳಗೆ ಹೋಗಿ ನಾಲ್ಕು ಹಳೇ ಹತ್ತಿ ಸೀರೆ ತಂದು ಪರ್‍ರನೆ ಹರಿದರು. ಅದರಲ್ಲಿ ಅವರ ಇಷ್ಟದ ನವಿಲುಬಣ್ಣದ ಸೀರೆಯೂ ಇತ್ತು.

“ಅದು ಬೇಡ ಅಜ್ಜಿ.”

“ಉಟ್ಟು ಸಾಕಾಗಿದೆ. ಇನ್ನು ಅದು ಕುಣಿಯಲಿ” ಎಂದರು ಅಜ್ಜಿ. ಊಟದ ಹೊತ್ತಿಗೆ ಬಣ್ಣ ಬಣ್ಣದ ಪಟ್ಟಿಗಳ ಹನ್ನೆರಡು ಲಂಗ ತಯಾರಾದವು.

ಬೆಳಿಗ್ಗೆ ಶಾಲೆಗೆ ಮೊದಲು ಬಂದವಳು ಸಮನ್ವಿತಾ. ನೇರ ಅಡುಗೆಕೋಣೆಗೆ ಹೋದಳು.

“ಪೂವಮ್ಮಕ್ಕ, ನಿನ್ನೆ ನಾನು ನಗಬಾರದಿತ್ತು.”

ಪೂವಮ್ಮಕ್ಕ ತೆಂಗಿನಕಾಯಿ ತುರಿಯುತ್ತಲೇ ಅವಳನ್ನು ನೋಡಿದರು. ಆಮೇಲೆ ಒಂದು ಚಿಟಿಕೆ ತುರಿ ಅವಳ ಅಂಗೈಗೆ ಹಾಕಿದರು. “ತಿನ್ನು. ಕೆಲಸ ಉಂಟು, ಹೋಗು.”

ಅವಳು ಮೈದಾನದ ಬಾಗಿಲಿಗೆ ಸ್ಟೂಲ್ ಎಳೆದು ತಿರಿಯ ತೋರಣ ಕಟ್ಟಲು ಹತ್ತಿದಳು. ಒಂದು ತುದಿ ಕಟ್ಟಿಯಾಯಿತು. ಇನ್ನೊಂದು ತುದಿ ಎಷ್ಟು ಚಾಚಿದರೂ ಎಟಕಲಿಲ್ಲ.

“ಇಲ್ಲಿ ಕೊಡು” ಎಂದ ಹರ್ಷಿತ್. ಅವನು ಯಾವಾಗ ಬಂದನೋ ಅವಳಿಗೆ ಗೊತ್ತಾಗಲಿಲ್ಲ.

“ಹೀಗೆ ಕಟ್ಟಬಹುದಲ್ವಾ?” ಎಂದು ಅವಳು ಮೆಲ್ಲಗೆ ಕೇಳಿದಳು.

“ತೋರಣ ತಾನೇ, ಅಡ್ಡಿಯಿಲ್ಲ. ಆದ್ರೆ ನಿನ್ನ ಗಂಟು ಸರಿ ಇಲ್ಲ.” ಅವನು ಅದನ್ನು ಬಿಚ್ಚಿ ಅಜ್ಜನಂತೆ ಬಿಗಿಯಾಗಿ ಕಟ್ಟಿದ. ಆಮೇಲೆ ಅವಳ ಚೀಲಕ್ಕೆ ಕೈ ಹಾಕಿ, “ನವಿಲುಬಣ್ಣದ್ದು ನನಗೆ” ಎಂದ.

ಜನ ಬರತೊಡಗಿದರು. ಟೀಚರ್ ಯುಕುಲೆಲೆಯ ತಂತಿ ಮೀಟಿದರು. ಕುಣಿಯಲು ಸಾಲಾಗಿ ನಿಂತವರಲ್ಲಿ ಸಮನ್ವಿತಾ ಒಬ್ಬಳೇ ಬಾಗಿಲ ಕಡೆ ನೋಡುತ್ತಿದ್ದಳು.

ಪೂವಮ್ಮಕ್ಕ ಟಿಕೆಟ್ ಹಿಡಿದು ಬಂದರು. ತಲೆಯೆತ್ತಿ ತೋರಣ ನೋಡಿದರು. ಚಪ್ಪಲಿ ಕಾಲಿನಲ್ಲೇ ಇತ್ತು. ನಗುತ್ತಾ ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತರು.

ಸಮನ್ವಿತಾ ಹಿಡಿದಿಟ್ಟ ಉಸಿರನ್ನು ಬಿಟ್ಟು ಹಾಡು ಶುರು ಮಾಡಿದಳು.